ಓದುಗರ ಪ್ರಶ್ನೆ: ಪಾಲಿಮರ್ ಕ್ಲೇ ಮತ್ತು ಓವನ್ನಿನ ಬಿಸಿ

ಪ್ರಶ್ನೆ: ಮನೆಯ ಓಟಿಜಿಯಲ್ಲಿ (ಚಿಕ್ಕ ವಿದ್ಯುತ್ ಓವನ್) ಪಾಲಿಮರ್ ಕ್ಲೇಯಿಂದ ಓಲೆ, ಜುಮುಕಿಗಳನ್ನು ಮಾಡುತ್ತೇನೆ. ಗುಂಡಿಯನ್ನು 130 ಡಿಗ್ರಿಗೆ ತಿರುಗಿಸಿ 15 ನಿಮಿಷ ಬೇಯಿಸುತ್ತೇನೆ. ಹೂವಿನ ಎಸಳುಗಳ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ, ಆದರೆ ಅದೇ ಓಲೆ ಕೆಲವೇ ದಿನಗಳಲ್ಲಿ ನಡುವೆ ಮುರಿಯುತ್ತದೆ. ಬಿಸಿ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುತ್ತಿಲ್ಲ.
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಓಲೆಗೆ ಎರಡೂ ಆಗಿದೆ. ಹೊರಗಿನ ತೆಳು ಅಂಚು ಸೀದಿದೆ, ಒಳಗಿನ ದಪ್ಪ ಭಾಗ ಬೆಂದಿಲ್ಲ. ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಹೊಳಪಿಲ್ಲದೆ, ಉಗುರಿನಿಂದ ಕೆರೆದರೆ ಸೀಮೆಸುಣ್ಣದಂತೆ ಪುಡಿ ಉದುರಿದರೆ ಅದು ಅರೆಬೆಂದದ್ದೇ ಎಂದು ತಿಳಿಯಬಹುದು.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು, ಏಕೆಂದರೆ ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಪಾಲಿಮರ್ ಕ್ಲೇಯಲ್ಲಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು, ಅವುಗಳನ್ನು ಮೆತ್ತಗೆ ಇಡುವ ಎಣ್ಣೆಯಂಥ ಪ್ಲಾಸ್ಟಿಸೈಜರ್ ಮತ್ತು ಬಣ್ಣದ ಪುಡಿ ಇರುತ್ತವೆ. ಟೆರಾಕೋಟಾ ಕೆಲಸದ ಹಸಿಮಣ್ಣಿನಂತೆ ಇದರಲ್ಲಿ ನೀರಿಲ್ಲ. ಆದ್ದರಿಂದ ಇದು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ತಕ್ಕ ಬಿಸಿ ತಗುಲಿದಾಗ ಪಿವಿಸಿ ಕಣಗಳು ಆ ಎಣ್ಣೆಯನ್ನು ಹೀರಿ ಉಬ್ಬಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೇಕಾದಷ್ಟು ಬಿಸಿ ಬೇಕಾದಷ್ಟು ಹೊತ್ತು ಒಳಭಾಗಕ್ಕೆ ತಲುಪದಿದ್ದರೆ ಬೆಸುಗೆ ಪೂರ್ತಿಯಾಗುವುದಿಲ್ಲ. ತಣ್ಣಗಾದ ಮೇಲೆ ಓಲೆ ಗಟ್ಟಿಯಾಗಿಯೇ ಕಾಣುತ್ತದೆ, ಆದರೆ ಅದರಲ್ಲಿ ಕಸುವಿರುವುದಿಲ್ಲ.

ಎಷ್ಟು ಬಿಸಿ ಎಂಬುದನ್ನು ಪೊಟ್ಟಣದ ಮೇಲೆ ನೋಡಿಯೇ ತೀರ್ಮಾನಿಸಬೇಕು. ಫಿಮೋ ಕ್ಲೇಗೆ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಸ್ಕಲ್ಪಿ ಪ್ರೀಮೋಗೆ ಸುಮಾರು 130 ಡಿಗ್ರಿಯಲ್ಲಿ ಪ್ರತಿ 6 ಮಿಲಿಮೀಟರ್ ದಪ್ಪಕ್ಕೆ 30 ನಿಮಿಷ ಎಂಬುದು ತಯಾರಕರ ಸೂಚನೆ. ಕೇಟೋ ಪಾಲಿಕ್ಲೇ ಇನ್ನೂ ಹೆಚ್ಚು, ಅಂದರೆ 150 ಡಿಗ್ರಿಯಷ್ಟು ಬಿಸಿ ಕೇಳುತ್ತದೆ. ಒಂದು ಬ್ರ್ಯಾಂಡಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಸಮಯವನ್ನು ಓವನ್ ಪೂರ್ತಿ ಬಿಸಿಯಾದ ಮೇಲೆ ಎಣಿಸಬೇಕೇ ಹೊರತು ಗುಂಡಿ ತಿರುಗಿಸಿದ ಕ್ಷಣದಿಂದಲ್ಲ. ನೀವು ಇಡುತ್ತಿರುವ 15 ನಿಮಿಷದಲ್ಲಿ ಒಂದಷ್ಟು ಹೊತ್ತು ಓವನ್ ಕಾಯುವುದಕ್ಕೇ ಹೋಗುತ್ತಿರಬೇಕು.

ಇನ್ನು ಸೀದ ಅಂಚಿನ ವಿಚಾರ. ಓಟಿಜಿಯ ಒಳಜಾಗ ಚಿಕ್ಕದು, ಕಾಯುವ ಸರಳುಗಳು ತೀರ ಹತ್ತಿರ. ಅವು ಉರಿದು ಆರುವಾಗಲೆಲ್ಲ ಬಿಸಿ ಏರಿಳಿಯುತ್ತದೆ, ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಬಿಸಿಗೂ ಸಾಕಷ್ಟು ಅಂತರವಿರಬಹುದು. ಆದ್ದರಿಂದ ಕ್ಲೇಯ ಹೊಸ ಬಣ್ಣವೊಂದನ್ನು ಕೊಳ್ಳುವ ಮೊದಲು ಓವನ್ ಥರ್ಮಾಮೀಟರ್ ಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಈ ಕೆಲಸದಲ್ಲಿ ಅದಕ್ಕಿಂತ ಉಪಯುಕ್ತವಾದ ಸಲಕರಣೆ ಮತ್ತೊಂದಿಲ್ಲ. ಅದನ್ನು ಓಲೆಯ ಪಕ್ಕದಲ್ಲೇ, ಅದೇ ಎತ್ತರದಲ್ಲಿ ಇಡಬೇಕು. ಟ್ರೇಯ ಮೇಲೆ ಒಂದು ಸೆರಾಮಿಕ್ ಟೈಲ್ ಇಟ್ಟು, ಅದರ ಮೇಲೆ ಬಿಳಿ ಕಾಗದ ಹಾಸಿ ಓಲೆಗಳನ್ನು ಜೋಡಿಸಿದರೆ ಟೈಲ್ ಬಿಸಿಯನ್ನು ಹಿಡಿದಿಟ್ಟು ಏರಿಳಿತವನ್ನು ತಗ್ಗಿಸುತ್ತದೆ. ಮೇಲಿನ ಸರಳಿನ ನೇರ ಝಳ ತಾಗದಂತೆ ಅಲ್ಯೂಮಿನಿಯಂ ಫಾಯಿಲ್ಲನ್ನು, ಓಲೆಗೂ ಸರಳಿಗೂ ಮುಟ್ಟದ ಹಾಗೆ, ಸಡಿಲವಾಗಿ ಮುಚ್ಚಬೇಕು.

ಓವನ್ನಿಂದ ತೆಗೆದ ತಕ್ಷಣ ಓಲೆ ಮೆತ್ತಗಿದ್ದರೆ ಗಾಬರಿಪಡಬೇಡಿ. ಅದು ತಣ್ಣಗಾಗುತ್ತ ಗಟ್ಟಿಯಾಗುತ್ತದೆ. ಸೀದು ಹೋಗದ ಹಳೆಯ ಓಲೆಗಳನ್ನು ಎಸೆಯುವ ಅಗತ್ಯವೂ ಇಲ್ಲ. ಅರೆಬೆಂದ ಕ್ಲೇಯನ್ನು ಮತ್ತೆ ಸರಿಯಾದ ಬಿಸಿಯಲ್ಲಿ ಪೂರ್ತಿ ಹೊತ್ತು ಬೇಯಿಸಬಹುದು. ಮುಂದೆ ಪ್ರತಿ ಸಲವೂ ಅದೇ ಕ್ಲೇಯ ತೆಳುವಾದ ಪಟ್ಟಿಯೊಂದನ್ನು ಜೊತೆಗಿಟ್ಟು ಬೇಯಿಸಿ, ತಣಿದ ಮೇಲೆ ಬಗ್ಗಿಸಿ ನೋಡಿ. ಪ್ರೀಮೋದಂಥ ಕ್ಲೇ ಚೆನ್ನಾಗಿ ಬೆಂದಿದ್ದರೆ ಪಟ್ಟಿ ಬಳುಕುತ್ತದೆಯೇ ಹೊರತು ತಟ್ಟನೆ ಮುರಿಯುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಓಟಿಜಿ ಇಲ್ಲ. ಮೈಕ್ರೋವೇವ್‌ನಲ್ಲಿ ಅಥವಾ ಕೇಕ್ ಮಾಡುವ ಹಾಗೆ ಕುಕ್ಕರಿನಲ್ಲಿ ಉಪ್ಪು ಹಾಕಿ ಬೇಯಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡೂ ಬೇಡ. ಮೈಕ್ರೋವೇವ್ ಬಿಸಿ ಒಂದೇ ಸಮನಾಗಿರುವುದಿಲ್ಲ, ಕ್ಲೇ ಅಲ್ಲಲ್ಲಿ ಸುಟ್ಟುಹೋಗುತ್ತದೆ. ಗ್ಯಾಸ್ ಒಲೆಯ ಮೇಲಿನ ಕುಕ್ಕರಿನ ತಳದಲ್ಲಿ ಬಿಸಿಯನ್ನು ಅರ್ಧ ಗಂಟೆ ಒಂದೇ ಮಟ್ಟದಲ್ಲಿ ಹಿಡಿದಿಡುವುದು ಕಷ್ಟ. ಪಿವಿಸಿ ಅತಿಯಾಗಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಎಂಬ, ಕಣ್ಣು ಗಂಟಲು ಉರಿಸುವ ಅನಿಲ ಹೊರಬರುತ್ತದೆ. ಓವನ್ನಿನಲ್ಲೇ ಆದರೂ ಕ್ಲೇ ಕಪ್ಪಾಗಿ ಘಾಟು ಬಂದರೆ ಸ್ವಿಚ್ ಆರಿಸಿ, ಕಿಟಕಿ ತೆರೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಮೈಕ್ರೋವೇವ್‌ನಲ್ಲಿ ಕನ್ವೆಕ್ಷನ್, ಅಂದರೆ ಬಿಸಿ ಗಾಳಿಯಿಂದ ಬೇಯಿಸುವ ಸೌಲಭ್ಯವಿದ್ದರೆ ಆ ವಿಧಾನವೊಂದನ್ನೇ ಥರ್ಮಾಮೀಟರಿನ ನೆರವಿನಿಂದ ಬಳಸಬಹುದು.

ಪ್ರಶ್ನೆ: ಕಳೆದ ಬೇಸಿಗೆಯಲ್ಲಿ ತರಿಸಿದ ಕ್ಲೇ ಪೊಟ್ಟಣ ತೆರೆಯುವ ಮೊದಲೇ ಗಟ್ಟಿಯಾಗಿದೆ, ನಾದಿದರೆ ಪುಡಿಯಾಗುತ್ತದೆ. ಇದನ್ನು ಉಳಿಸಿಕೊಳ್ಳಲು ಸಾಧ್ಯವೇ?
– ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಊರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ಬಿಸಿಲಿಗೆ ನಿಂತ ವಾಹನದೊಳಗೆ ಅದಕ್ಕಿಂತಲೂ ಬಹಳ ಹೆಚ್ಚು. ಅಂಥ ಬಿಸಿಯಲ್ಲಿ ದಿನಗಟ್ಟಲೆ ಇದ್ದ ಕ್ಲೇ ಪೊಟ್ಟಣದಲ್ಲೇ ಅರ್ಧಂಬರ್ಧ ಬೆಸೆದುಕೊಳ್ಳುತ್ತದೆ. ಸಣ್ಣಗೆ ಹೆಚ್ಚಿ, ಒಂದು ಹನಿ ಬೇಬಿ ಆಯಿಲ್ ಸೇರಿಸಿ, ಮುಚ್ಚಿಟ್ಟು ಮರುದಿನ ನಾದಿ ನೋಡಿ. ಒಂದಾಗಿ ಕೂಡಿಕೊಂಡರೆ ಬಳಸಬಹುದು. ಗಟ್ಟಿ ಹರಳುಗಳು ಹಾಗೆಯೇ ಉಳಿದರೆ ಅದನ್ನು ಬಿಟ್ಟುಬಿಡುವುದೇ ಸರಿ. ಅಡುಗೆ ಎಣ್ಣೆ ಹಾಕಬೇಡಿ, ಅದು ಕಾಲಕ್ರಮೇಣ ಕಮಟು ವಾಸನೆ ಬರಿಸುತ್ತದೆ. ಉಳಿದ ಕ್ಲೇಯನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಯಾವ ಹಾನಿಯೂ ಇಲ್ಲ, ಆದರೆ ಡಬ್ಬಿಯನ್ನು ಆರಿಸುವಾಗ ಎಚ್ಚರ ಬೇಕು. ಹಸಿ ಕ್ಲೇಯ ಎಣ್ಣೆಯಂಶ ಕೆಲವು ಪ್ಲಾಸ್ಟಿಕ್ಕುಗಳನ್ನು ಕರಗಿಸುತ್ತದೆ. ತಳದಲ್ಲಿ ತ್ರಿಕೋನದೊಳಗೆ 5 ಎಂದಿರುವ ಡಬ್ಬಿ ಸರಿ, 6 ಎಂದಿರುವುದು ಬೇಡ. ಕಾಗದದಲ್ಲಿ ಸುತ್ತಿಡಲೂ ಬಾರದು, ಅದು ಎಣ್ಣೆಯನ್ನು ಹೀರಿಕೊಳ್ಳುತ್ತದೆ.

ಪ್ರಶ್ನೆ: ಹೊಳಪಿಗಾಗಿ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿದೆ. ತಿಂಗಳಾದರೂ ಅಂಟು ಹೋಗಿಲ್ಲ.
– ಓದುಗರೊಬ್ಬರು, ಉಡುಪಿ

ಉತ್ತರ: ಅದು ತಾನಾಗಿ ಹೋಗುವುದೂ ಇಲ್ಲ. ನೇಲ್ ಪಾಲಿಶ್‌ನ ದ್ರಾವಕಕ್ಕೂ ಕ್ಲೇಗೂ ಹೊಂದಿಕೆಯಿಲ್ಲ. ಮೇಲ್ಪದರವನ್ನು ನೀರಿನಲ್ಲಿ ಅದ್ದಿದ ಸ್ಯಾಂಡ್ ಪೇಪರಿನಿಂದ ತಿಕ್ಕಿ ತೆಗೆದು, ನೀರು ಆಧಾರಿತ ವಾರ್ನಿಷ್ ಹಚ್ಚಿ. 400, 600, 800, 1000 ನಂಬರಿನ ಪೇಪರುಗಳಲ್ಲಿ ಕ್ರಮವಾಗಿ ತಿಕ್ಕಿ, ಕೊನೆಗೆ ಹತ್ತಿಬಟ್ಟೆಯಲ್ಲಿ ಉಜ್ಜಿದರೆ ವಾರ್ನಿಷ್ ಇಲ್ಲದೆಯೂ ಸುಂದರವಾದ ಹೊಳಪು ಬರುತ್ತದೆ. ನನಗೆ ಆ ಹೊಳಪೇ ಹೆಚ್ಚು ಇಷ್ಟ. ಒಣದಾಗಿ ಮಾತ್ರ ತಿಕ್ಕಬೇಡಿ, ಆ ದೂಳು ಉಸಿರಿಗೆ ಸೇರಬಾರದು.

ಪ್ರಶ್ನೆ: ಮಗಳು ಗೌರಿಹಬ್ಬಕ್ಕೆ ಪಾಲಿಮರ್ ಕ್ಲೇ ಗಣಪ ಮತ್ತು ಪ್ರಸಾದದ ತಟ್ಟೆ ಮಾಡಬೇಕೆಂದಿದ್ದಾಳೆ. ಸೂಕ್ತವೇ?
– ಓದುಗರೊಬ್ಬರು, ಮೈಸೂರು

ಉತ್ತರ: ತಿನ್ನುವ ಪದಾರ್ಥವನ್ನು ಇದರ ಮೇಲೆ ಇಡುವುದು ಸರಿಯಲ್ಲ. ಚೆನ್ನಾಗಿ ಬೆಂದ ಕ್ಲೇಯೂ ಆಹಾರದ ಪಾತ್ರೆಗಾಗಿ ತಯಾರಾದ ವಸ್ತುವಲ್ಲ. ತಟ್ಟೆಯನ್ನು ಉಂಗುರ, ಬಳೆ ಇಡಲು ಬಳಸಿಕೊಳ್ಳಲಿ. ಕ್ಲೇಗೆ ಬಳಸಿದ ಲಟ್ಟಣಿಗೆ, ಚಾಕುಗಳನ್ನು ಅಡುಗೆಮನೆಗೆ ಮರಳಿಸಬೇಡಿ.

ಗಣಪನನ್ನು ಮಾಡಲಿ, ಆದರೆ ವಿಸರ್ಜನೆಗಲ್ಲ. ಇದು ಪ್ಲಾಸ್ಟಿಕ್ ಆದ್ದರಿಂದ ನೀರಿನಲ್ಲಿ ಕರಗದೆ ಕೆರೆಯ ತಳದಲ್ಲಿ ಉಳಿಯುತ್ತದೆ. ಪೂಜಿಸಿ ವಿಸರ್ಜಿಸುವ ಮೂರ್ತಿ ಹಸಿಮಣ್ಣಿನದೇ ಆಗಿರಲಿ. ಈ ಗಣಪ ದಸರಾ ಗೊಂಬೆಗಳ ಸಾಲಿನಲ್ಲಿ ವರ್ಷ ವರ್ಷವೂ ಕೂರಲಿ. ಇಡೀ ಮೂರ್ತಿಯನ್ನು ಕ್ಲೇಯಿಂದಲೇ ಮಾಡಿದರೆ ಒಳಗೆ ಬೇಯುವುದಿಲ್ಲ, ಮೇಲೆ ಬಿರುಕು ಬಿಡುತ್ತದೆ. ಮೊದಲು ಫಾಯಿಲ್ಲನ್ನು ಬಿಗಿಯಾಗಿ ಮುದ್ದೆ ಮಾಡಿ ಹೊಟ್ಟೆ, ತಲೆಗಳ ಆಕಾರ ಕೊಟ್ಟು, ಅದರ ಮೇಲೆ ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಕ್ಲೇ ಹೊದಿಸಬೇಕು. ಸೊಂಡಿಲಿಗೂ ಕೈಗಳಿಗೂ ಒಳಗೆ ತಂತಿ ಕೊಡಬೇಕು. ಕಿವಿಗಳು ತೆಳುವಾಗಿರುವುದರಿಂದ ಮೊದಲು ಕಂದುವುದು ಅವೇ. ಅವುಗಳ ಮೇಲೆ ಫಾಯಿಲ್ ಮರೆ ಇದೆಯೇ ಎಂದು ಓವನ್ ಬಾಗಿಲು ಹಾಕುವ ಮುನ್ನ ನೀವೇ ಒಮ್ಮೆ ನೋಡಿ.