ವೋಲ್ಟೇಜ್ ಇಳಿದರೆ ಕಾಯಿಲ್ ಕೆಟ್ಟಿತು ಅಂತಲ್ಲ

ಸರ್, ಮಳವಳ್ಳಿ ಹತ್ತಿರದ ನಿಮ್ಮ ಮನೆಯಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತದೆ, ಆಗ ನೀರು ಕಾಯಿಸುವ ಕಾಯಿಲ್ 5.1 ಆಂಪಿಯರ್ ಎಳೆಯುತ್ತದೆ ಅಂದಿರಿ. 1500 ವ್ಯಾಟ್ ಅಂತ ಬರೆದಿದ್ದರೂ ನೀರು ಬೇಗ ಕಾಯುತ್ತಿಲ್ಲ, ಕಾಯಿಲ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ. ನಿಮ್ಮ ಅಳತೆಯೇ ಅದನ್ನು ಹೇಳುತ್ತಿದೆ.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ. 180 ÷ 5.1, ಅಂದರೆ ಸುಮಾರು 35.3 ಓಮ್. ಇದು ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಕಾಯಿಲ್ ಒಡ್ಡುವ ತಡೆ. ಈಗ ಕಾಯಿಲ್ ಮೇಲೆ ಬರೆದಿರುವುದನ್ನು ನೋಡಿ: 230 ವೋಲ್ಟಿಗೆ 1500 ವ್ಯಾಟ್. 230 × 230 ÷ 1500 ಮಾಡಿದರೂ 35.3 ಓಮ್ ಬರುತ್ತದೆ. ಎರಡೂ ತಾಳೆಯಾಯಿತು ಅಲ್ವಾ?

ಪವರ್ ಬೇಕಾದರೆ ಗುಣಿಸಿ. 180 × 5.1 = 918 ವ್ಯಾಟ್. ವೋಲ್ಟೇಜ್ ಕಡಿಮೆಯಾದದ್ದು ಶೇಕಡ 22ರಷ್ಟು, ಪವರ್ ಮಾತ್ರ ಶೇಕಡ 39ರಷ್ಟು ಹೋಯಿತು. ವೋಲ್ಟೇಜ್ ಇಳಿದಾಗ ಕರೆಂಟೂ ಜೊತೆಗೇ ಇಳಿಯುತ್ತದೆ, ಹಾಗಾಗಿ ಪೆಟ್ಟು ಎರಡು ಸಲ ಬೀಳುತ್ತದೆ. 20 ಲೀಟರ್ ನೀರು 25 ಡಿಗ್ರಿಯಿಂದ 45ಕ್ಕೆ ಏರಲು 1500 ವ್ಯಾಟಿನಲ್ಲಿ ಸುಮಾರು 19 ನಿಮಿಷ ಸಾಕು. ನಿಮಗೆ 30 ನಿಮಿಷ ಬೇಕು.

ಇದೇ ಲೆಕ್ಕವನ್ನು ಗದ್ದೆಯ ಪಂಪ್‌ಸೆಟ್ಟಿಗೆ ಮಾತ್ರ ಹಾಕಬೇಡಿ. ವೋಲ್ಟೇಜ್ ಇಳಿದರೆ ಓಡುತ್ತಿರುವ ಮೋಟಾರ್ ಸಾಮಾನ್ಯವಾಗಿ ಜಾಸ್ತಿ ಕರೆಂಟ್ ಎಳೆಯುತ್ತದೆ, ಒಳಗಿನ ತಂತಿಯ ಸುತ್ತು (ವೈಂಡಿಂಗ್) ಬಿಸಿಯಾಗಿ ಸುಟ್ಟೇ ಹೋಗಬಹುದು. ಕಬ್ಬಿಗೆ ನೀರು ಹಾಯಿಸುವಾಗ ನಮ್ಮ ಮನೆಯ ಒಂದು ಮೋಟಾರ್ ಹೀಗೇ ಹೋಯಿತು.

ಮಲ್ಟಿಮೀಟರಿನಲ್ಲಿ ಓಮ್ ನೋಡುವುದಾದರೆ ಪ್ಲಗ್ ಕಿತ್ತ ಮೇಲೆಯೇ ನೋಡಿ. ಕಾಯಿಲ್ ಆನ್ ಇರುವಾಗ ನೀರು ಬಿಸಿಯಾಯಿತಾ ಅಂತ ಬಕೆಟ್ಟಿಗೆ ಕೈ ಹಾಕಬೇಡಿ, ಮಕ್ಕಳಿಗೂ ಹೇಳಿಡಿ.