ಬೋಟು ಕೊಳ್ಳುವ ಮುಂಚೆ ಅದರ ಹಿಂಬದಿ ನೋಡಿ

ನಮಸ್ಕಾರ. ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ಬಂದ ಮೇಲೆ ಇದು ಮೊದಲ ಬೇಸಿಗೆ, ಆರು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳಿದ್ದಾರೆ, ಶನಿವಾರ ಭಾನುವಾರ ಗೆಳೆಯರ ಎರಡು ಸಂಸಾರ ಜೊತೆಗೂಡುತ್ತವೆ, ಟ್ಯೂಬಿಂಗ್ ಮತ್ತು ಸ್ಕೀಯಿಂಗ್‌ಗೆ (ಬೋಟು ಹಗ್ಗದಿಂದ ಎಳೆಯುವಾಗ ಗಾಳಿ ತುಂಬಿದ ಟ್ಯೂಬಿನ ಮೇಲೋ ಕಾಲಿಗೆ ಕಟ್ಟಿದ ಹಲಗೆಗಳ ಮೇಲೋ ನೀರಿನಲ್ಲಿ ಸಾಗುವ ಆಟಗಳಿಗೆ) ಎಂಥ ಮೋಟಾರ್ ಬೋಟು ತಗೊಳ್ಳಲಿ ಎಂದು ಕೇಳಿದ್ದೀರಿ. ಈ ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆ, ಬೇಸಿಗೆಯೋ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಆಸೆ ಸಹಜವೇ. ಆದರೂ ಅವಸರ ಮಾಡಬೇಡಿ.

ಅಂಗಡಿಗೆ ಹೋದ ಕೂಡಲೇ ಎಲ್ಲರೂ ಕೇಳುವುದು ಎಷ್ಟು ಹಾರ್ಸ್‌ಪವರ್ ಅಂತ. ನೀವು ಮೊದಲು ಬೋಟಿನ ಹಿಂದಕ್ಕೆ ಹೋಗಿ ನಿಲ್ಲಿ. ಮಕ್ಕಳು ನೀರಿಗೆ ಇಳಿಯುವುದು, ಹತ್ತುವುದು, ಸರದಿಗಾಗಿ ಕಾಯುತ್ತ ಕೂರುವುದು ಎಲ್ಲ ಅಲ್ಲಿಯೇ. ಬೋಟನ್ನು ತಳ್ಳುವ ಪ್ರೊಪೆಲ್ಲರ್, ಅಂದರೆ ತಿರುಗುವ ರೆಕ್ಕೆ, ಇರುವುದೂ ಅಲ್ಲಿಯೇ, ಇಂಜಿನ್ ಹೊಗೆ ಬರುವುದೂ ಅಲ್ಲಿಂದಲೇ.

ಏಣಿಯನ್ನು ಪೂರ್ತಿ ಕೆಳಗಿಳಿಸಿ ನೋಡಿ. ನೀರಿನೊಳಗೆ ಎರಡು ಮೂರು ಮೆಟ್ಟಿಲಾದರೂ ಮುಳುಗಿರಬೇಕು. ಲೈಫ್ ಜಾಕೆಟ್ ತೊಟ್ಟು, ಆಡಿ ದಣಿದು, ಒದ್ದೆಯಾದ ಮಗುವಿನ ಕಾಲಿಗೆ ಮೊದಲ ಮೆಟ್ಟಿಲು ಸಿಗದಿದ್ದರೆ ಅದು ಜೋತುಬೀಳುತ್ತದೆಯೇ ಹೊರತು ಮೇಲೆ ಬರಲಾಗುವುದಿಲ್ಲ. ಹಿಡಿದುಕೊಳ್ಳಲು ಕಂಬಿ ಎಲ್ಲಿದೆ, ಹಿಂದಿನ ಪ್ಲಾಟ್‌ಫಾರ್ಮ್ ಜಾರುತ್ತದೆಯೇ ಅನ್ನುವುದನ್ನೂ ಮಕ್ಕಳನ್ನೇ ಹತ್ತಿಸಿ ಇಳಿಸಿ ನೋಡಿ. ಮಾರುವವರು ಏನೂ ಅಂದುಕೊಳ್ಳುವುದಿಲ್ಲ.

ಪ್ರೊಪೆಲ್ಲರ್ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಔಟ್‌ಬೋರ್ಡ್ (ಇಂಜಿನ್ ಪೂರ್ತಿ ಹೊರಗೆ ಹಿಂಬದಿಗೆ ತೂಗುವ) ಮತ್ತು ಸಾಮಾನ್ಯ ಸ್ಟರ್ನ್‌ಡ್ರೈವ್ (ಇಂಜಿನ್ ಒಳಗೆ, ಪ್ರೊಪೆಲ್ಲರ್ ತಿರುಗಿಸುವ ಡ್ರೈವ್ ಹೊರಗೆ ಇರುವ) ಬೋಟುಗಳಲ್ಲಿ ಅದು ಹಿಂಬದಿಯಲ್ಲೇ ಇರುತ್ತದೆ. ಟ್ಯೂಬಿಂಗ್, ಸ್ಕೀಯಿಂಗ್‌ನಲ್ಲಿ ಉದ್ದ ಹಗ್ಗವಿರುವುದರಿಂದ ಎಳೆಯುವಾಗ ತೊಂದರೆಯಿಲ್ಲ. ಆಡುವವರು ಬೋಟಿನ ಹತ್ತಿರ ಬರುವ ಹೊತ್ತಿಗೆ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿರಬೇಕು, ನ್ಯೂಟ್ರಲ್ ಸಾಲದು. ವೇಕ್‌ಸರ್ಫಿಂಗ್‌ನ ಕಥೆಯೇ ಬೇರೆ. ಅದರಲ್ಲಿ ಆಡುವವರು ಬೋಟಿನ ಬೆನ್ನಿಗೇ ಇದ್ದು, ಹಗ್ಗ ಕೈಬಿಟ್ಟು ಬೋಟು ಎಬ್ಬಿಸಿದ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಬರುತ್ತಾರೆ. ಅದಕ್ಕೆ ಇಂಜಿನ್ ಒಳಗಿದ್ದು ಪ್ರೊಪೆಲ್ಲರ್ ತಳದ ಕೆಳಗಿರುವ ಇನ್‌ಬೋರ್ಡ್ ಬೋಟು, ಇಲ್ಲವೇ ಪ್ರೊಪೆಲ್ಲರ್ ಮುಂದಕ್ಕೆ ಮುಖ ಮಾಡಿರುವ ಡ್ರೈವ್ ಬೇಕೇ ಬೇಕು. ಔಟ್‌ಬೋರ್ಡ್ ಹಿಂದೆ ಸರ್ಫಿಂಗ್ ಬೇಡ, ಯಾರು ಎಷ್ಟೇ ಧೈರ್ಯ ಹೇಳಿದರೂ ಬೇಡ. ನೀರನ್ನು ಹಿಂದಕ್ಕೆ ಚಿಮ್ಮಿಸಿ ಸಾಗುವ ಜೆಟ್ ಬೋಟಿಗೆ ಹೊರಗಡೆ ಪ್ರೊಪೆಲ್ಲರ್ ಇಲ್ಲ, ನಿಜ. ಆದರೆ ತಳದಲ್ಲಿ ನೀರು ಎಳೆದುಕೊಳ್ಳುವ ಬಾಯಿ ಹಗ್ಗವನ್ನೂ ಉದ್ದ ಕೂದಲನ್ನೂ ಎಳೆದುಕೊಳ್ಳಬಲ್ಲದು, ಥ್ರಾಟಲ್ (ವೇಗದ ಹಿಡಿ) ಬಿಟ್ಟರೆ ಬೋಟು ತಿರುಗಿಸುವ ಹಿಡಿತವೂ ತಪ್ಪುತ್ತದೆ.

ಹೊಗೆಯ ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಧಾನಕ್ಕೆ ಹೋಗುವಾಗ ಅದು ಹಿಂಬದಿಯಲ್ಲೇ ಸುಳಿದಾಡುತ್ತದೆ. ಇಂಜಿನ್ ಓಡುತ್ತಿರುವಾಗ ಪ್ಲಾಟ್‌ಫಾರ್ಮ್ ಮೇಲೆ ಯಾರನ್ನೂ ಕೂರಿಸಬೇಡಿ. ತಲೆನೋವು, ವಾಂತಿ ಬಂದಂತಾಗುತ್ತದೆ ಎಂದು ಮಗು ಹೇಳಿದರೆ ಬೋಟಿನ ಓಲಾಟ ಅಂದುಕೊಂಡು ಸುಮ್ಮನಾಗದೆ ಮೊದಲು ಒಳ್ಳೆಯ ಗಾಳಿಗೆ ಕರೆತನ್ನಿ.

ನಿಮ್ಮ ಬಳಕೆಗೆ 20ರಿಂದ 22 ಅಡಿಯ ಬೌರೈಡರ್, ಅಂದರೆ ಮುಂದೆಯೂ ಕೂರಲು ಜಾಗವಿರುವ ತೆರೆದ ಬೋಟು, ಚೆನ್ನಾಗಿ ಹೊಂದುತ್ತದೆ. ಆಟಕ್ಕಿಂತ ಹರಟೆಯೇ ಹೆಚ್ಚು ಎನ್ನುವುದಾದರೆ ಮೂರು ಕೊಳವೆಯ ಪಾಂಟೂನ್, ಅಂದರೆ ತೇಲುವ ಲೋಹದ ಕೊಳವೆಗಳ ಮೇಲೆ ಚಪ್ಪಟೆ ಅಟ್ಟವಿರುವ ಬೋಟು, ನೋಡಿ. ಹಿರಿಯರಿಗೂ ಹತ್ತಲು ಸುಲಭ. ಎರಡರಲ್ಲೂ ಮೂರು ಸಂಸಾರ ಒಟ್ಟಿಗೆ ಹೋಗುವುದು ಕಷ್ಟ. 20 ಅಡಿಗಿಂತ ಚಿಕ್ಕ ಬೋಟಿನಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಫಲಕ ಇರಲೇಬೇಕು. ದೊಡ್ಡದರಲ್ಲಿ ತಯಾರಕರು ಹೇಳಿದ್ದನ್ನು ಕೇಳಿ ಬರೆದಿಟ್ಟುಕೊಳ್ಳಿ. ಸೀಟು ಖಾಲಿ ಇದೆಯೆಂದು ಮುಂದೆ ನಾಲ್ಕು ದೊಡ್ಡವರನ್ನು ತುಂಬಿದರೆ ಮೂತಿ ತಗ್ಗಿ, ಎದುರು ಅಲೆ ನೇರ ಒಳಗೆ ಬರುತ್ತದೆ. ಗೆಳೆಯರಿಗೆ ದಾಕ್ಷಿಣ್ಯ ಮಾಡಬೇಡಿ, ಸರದಿಯಲ್ಲಿ ಕರೆದೊಯ್ಯಿರಿ.

ಲೈಫ್ ಜಾಕೆಟ್ಟನ್ನು ವಯಸ್ಸು ನೋಡಿ ಕೊಳ್ಳಬೇಡಿ, ತೂಕ ನೋಡಿ. 30ರಿಂದ 50 ಪೌಂಡ್‌ಗೆ ಒಂದು ಅಳತೆ, 50ರಿಂದ 90ಕ್ಕೆ ಇನ್ನೊಂದು. ಹಾಕಿಸಿ ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಗದ್ದ ಒಳಗೆ ಜಾರಿದರೆ ಆ ಅಳತೆ ಬೇಡ. ಬೋಟು ಚಲಿಸುವಾಗ 10 ವರ್ಷದೊಳಗಿನ ಮಕ್ಕಳು ತೊಟ್ಟಿರಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ನಿಮ್ಮ ದೊಡ್ಡ ಮಗುವಿಗೆ ಅದು ಅನ್ವಯಿಸದು, ಆದರೂ ಹಾಕಿಸಿ. ಈಜು ಬಾರದ ಗೆಳೆಯರಿಗೂ ಹಾಗೆಯೇ. ಎಳೆಯುವಾಗ ಚಾಲಕರಲ್ಲದೆ ಹಿಂದೆ ನೋಡುವವರು ಇನ್ನೊಬ್ಬರು ಇರಬೇಕು. ಕಾನೂನು ಅಗಲವಾದ ಕನ್ನಡಿಯೂ ಸಾಕು ಎನ್ನುತ್ತದೆ, ನನಗೆ ಸಾಲದು. ಕಿಲ್ ಸ್ವಿಚ್ಚಿನ ದಾರ ಚಾಲಕರ ಮೈಗೆ ಸಿಕ್ಕಿಸಿರಲಿ. ಅವರು ನೀರಿಗೆ ಬಿದ್ದರೆ ಇಂಜಿನ್ ತಾನೇ ನಿಲ್ಲುತ್ತದೆ.

ಹಳೆಯ ಬೋಟಾದರೆ ಬೋಟು ಪರೀಕ್ಷಿಸುವ ಸರ್ವೇಯರ್ ಒಬ್ಬರಿಂದ ನೋಡಿಸದೆ ಮುಂಗಡ ಕೊಡಬೇಡಿ. ನೆಲ ತುಳಿದಾಗ ಮೆತ್ತಗಾದರೆ ಒಳಗೆ ಮರ ಕೊಳೆತಿರಬಹುದು. ಚಳಿಗಾಲಕ್ಕೆ ಮುಂಚೆ ಇಂಜಿನ್ ನೀರು ಖಾಲಿ ಮಾಡಿಸಿದ್ದಾರೆಯೇ ಕೇಳಿ, ಇಲ್ಲದಿದ್ದರೆ ಮಂಜುಗಟ್ಟಿ ಬ್ಲಾಕ್ ಬಿರುಕು ಬಿಟ್ಟಿರಬಹುದು. ಇನ್ನೊಂದು, ಕೆರೆಯಿಂದ ಹೊರಡುವಾಗ ತಳದ ಡ್ರೇನ್ ಪ್ಲಗ್ ತೆಗೆದು ನೀರು ಬಸಿಯಬೇಕು, ದಾರಿಯಲ್ಲೂ ತೆಗೆದೇ ಇಟ್ಟಿರಬೇಕು. ಜೀಬ್ರಾ ಮಸೆಲ್ ಎಂಬ ಕಾಟದ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡದಿರಲೆಂದು ಈ ನಿಯಮ. ಮತ್ತೆ ನೀರಿಗಿಳಿಸುವ ಮುಂಚೆ ಹಾಕುವುದು ಮರೆಯಬಾರದು.

ನಿಮ್ಮಲ್ಲಿ ಮಿನಿವ್ಯಾನ್ ಇದ್ದರೆ ಅದು ಸಾಮಾನ್ಯವಾಗಿ ಎಳೆಯುವುದು 3,500 ಪೌಂಡ್. ಬೋಟು, ಟ್ರೇಲರ್, ತುಂಬಿದ ಪೆಟ್ರೋಲ್ ಸೇರಿ ಈ ಅಳತೆಯ ಬೌರೈಡರ್ ಸುಲಭವಾಗಿ ಅದನ್ನು ಮೀರುತ್ತದೆ. ಗಾಡಿ ಯಾವುದು, ಎಷ್ಟು ಎಳೆಯುತ್ತದೆ ಅಂತ ಅದರ ಪುಸ್ತಕ ನೋಡಿ ಬರೆಯಿರಿ, ಆಮೇಲೆ ಬೋಟಿನ ಹೆಸರು ಮಾತಾಡೋಣ.