ಸತ್ತ ತೆಂಗಿನ ಮರ ಹತ್ತಿ ಕಡಿಯಬಹುದಾ?

ಬೇಡ. ಸುಳಿ ಸತ್ತ ತೆಂಗಿನ ಮರ ನೋಡೋಕೆ ಎಷ್ಟೇ ಗಟ್ಟಿಯಾಗಿದ್ದರೂ ಹತ್ತಬಾರದು. ತೆಂಗಿಗೆ ಬಲ ಇರುವುದು ಕಾಂಡದ ಹೊರಸುತ್ತಿನ ನಾರಿನಲ್ಲಿ, ಒಳಗೆಲ್ಲ ಮೆತ್ತಗೆ. ಅಣಬೆ ರೋಗ ಬಂದರೆ ಬೇರು, ಬುಡ ಕೊಳೆಯುತ್ತವೆ. ಕೆಂಪು ಮೂತಿ ಹುಳವಾದರೆ ಕಾಂಡವನ್ನೇ ಒಳಗಿನಿಂದ ತಿಂದು ಪೊಳ್ಳು ಮಾಡಿರುತ್ತದೆ. ನೀವು ಮೇಲೆ ಹೋದಷ್ಟೂ ನಿಮ್ಮ ತೂಕ ಆ ಕೊಳೆತ ಬುಡವನ್ನು ಜಾಸ್ತಿ ಮೀಟುತ್ತದೆ, ಅಲ್ವಾ?

ಬುಡದಲ್ಲಿ ಅಣಬೆ, ಕಂದು ರಸ ಒಸರಿದ ಕಲೆ, ತೂತಿನಿಂದ ಹೊರಬಂದ ನಾರು ಇದೆಯಾ ನೋಡಿ. ಮಚ್ಚಿನ ಹಿಂಬದಿಯಿಂದ ತಟ್ಟಿ. ಡಬಡಬ ಅಂದರೆ ಪೊಳ್ಳು. ಗಟ್ಟಿ ಸದ್ದು ಬಂತು ಅಂತ ಸುಮ್ನೆ ನಂಬಬೇಡಿ, ಬೇರು ಕೊಳೆತಿದ್ದರೆ ತಟ್ಟಿ ತಿಳಿಯುವುದಿಲ್ಲ. ಜಾಗ ಇದ್ದರೆ ಹಗ್ಗ ಕಟ್ಟಿ ಬುಡದಿಂದಲೇ ಉರುಳಿಸಿ. ಪಕ್ಕದಲ್ಲಿ ಮನೆಯೋ ಕರೆಂಟ್ ತಂತಿಯೋ ಇದ್ದರೆ ಕ್ರೇನ್ ಇರುವವರನ್ನೇ ಕರೆಸಿ.